ಲವ್‌ಡೇಲ್‌ನ ಗೋಪುರದಿಂದ ಮನೆಯ ಬಾಗಿಲಿಗೆ



ಭಾನುವಾರದ ಪೂಜೆಗೆ ಬರಲಾಗದವರು ಎಂದ ಕೂಡಲೇ ನಮಗೆ ನೆನಪಾಗುವುದು ಹಾಸಿಗೆ ಹಿಡಿದವರು. ಅವರ ಹೆಸರನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಫಾದರ್ ಅವರ ಮನೆಗೆ ಪರಮಪ್ರಸಾದ ಕೊಂಡೊಯ್ಯುತ್ತಾರೆ. ಆದರೆ ಅದೇ ಮನೆಯಲ್ಲಿ ಇನ್ನೊಬ್ಬರೂ ಪೂಜೆ ತಪ್ಪಿಸಿಕೊಂಡಿರುತ್ತಾರೆ. ಅವರಿಗೆ ಕಾಯಿಲೆ ಇಲ್ಲ, ಕಾಲು ಗಟ್ಟಿಯಾಗಿಯೇ ಇದೆ. ಆದರೆ ಮಗನನ್ನೋ ಅತ್ತೆಯನ್ನೋ ಒಂದು ಗಂಟೆ ಬಿಟ್ಟು ಬರುವ ಹಾಗಿಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈ ಲೇಖನ ಅಂಥವರ ಬಗ್ಗೆ. ಮನೆಯಲ್ಲಿ ರೋಗಿಯನ್ನು, ಅಂಗವಿಕಲ ಮಗುವನ್ನು, ವಯಸ್ಸಾದವರನ್ನು ನೋಡಿಕೊಳ್ಳುವವರು ಸರ್ಕಾರದ ಕಣ್ಣಿಗೆ ಬಿದ್ದದ್ದು ಯಾವಾಗ? ಅವರಿಗಾಗಿ ಯಾವ ಅಧಿಕಾರಿಗಳು ಏನು ಮಾಡಿದರು? ಈ ಚರಿತ್ರೆಯನ್ನು ನಮ್ಮ ಲವ್‌ಡೇಲ್‌ನಿಂದಲೇ ಶುರು ಮಾಡಬಹುದು.

1858: ಮನೆಯಿಂದ ದೂರ

ಕೂನೂರಿನಿಂದ ಊಟಿಗೆ ಹೋಗುವ ಪುಟ್ಟ ರೈಲಿನಲ್ಲಿ ಕುಳಿತವರಿಗೆಲ್ಲ ಲವ್‌ಡೇಲ್ ಗೊತ್ತು. ಇಲ್ಲಿನ ಲಾರೆನ್ಸ್ ಶಾಲೆಯ ಎತ್ತರದ ಗೋಪುರವೂ ಗೊತ್ತು. ಇಂದು ಅದು ಹೆಸರಾಂತ ವಸತಿ ಶಾಲೆ. ಹುಟ್ಟಿದ್ದು ಮಾತ್ರ ಬೇರೆ ಹೆಸರಿನಲ್ಲಿ: ಲಾರೆನ್ಸ್ ಅಸೈಲಮ್. ಅಸೈಲಮ್ ಎಂದರೆ ಆಶ್ರಯಧಾಮ.

ಸರ್ ಹೆನ್ರಿ ಲಾರೆನ್ಸ್ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಅಧಿಕಾರಿ. ಬಯಲು ಸೀಮೆಯ ಬ್ಯಾರಕ್‌ಗಳಲ್ಲಿ ಜ್ವರಕ್ಕೂ ಅಂಟುರೋಗಕ್ಕೂ ತುತ್ತಾಗುತ್ತಿದ್ದ ಬ್ರಿಟಿಷ್ ಸಿಪಾಯಿಗಳ ಮಕ್ಕಳನ್ನು ತಂಪಾದ ಬೆಟ್ಟಕ್ಕೆ ಕರೆತಂದು ಬೆಳೆಸಬೇಕೆಂಬುದು ಅವರ ಯೋಚನೆ. 1847ರಲ್ಲಿ ಹಿಮಾಲಯದ ತಪ್ಪಲಿನ ಸನಾವರ್‌ನಲ್ಲಿ, 1856ರಲ್ಲಿ ಮೌಂಟ್ ಅಬುವಿನಲ್ಲಿ ಇಂಥ ಆಶ್ರಯಧಾಮಗಳು ಆರಂಭವಾದವು. 1857ರಲ್ಲಿ ಲಖನೌ ಮುತ್ತಿಗೆಯಲ್ಲಿ ಲಾರೆನ್ಸ್ ಸತ್ತರು. ಅವರ ನೆನಪಿಗಾಗಿ ಮರುವರ್ಷ, 1858ರಲ್ಲಿ, ನೀಲಗಿರಿಯ ಸಂಸ್ಥೆ ಹುಟ್ಟಿತು. ಇಲ್ಲಿಗೆ ಬಂದವರೆಲ್ಲ ಅನಾಥರಾಗಿರಲಿಲ್ಲ, ತಂದೆ ತಾಯಿ ಇದ್ದ ಮಕ್ಕಳೂ ಇದ್ದರು.

ಅದೇ 1858ರಲ್ಲಿ ಇನ್ನೊಂದು ಅಸೈಲಮ್ ಕೂಡ ಕಾನೂನಿನ ಪುಸ್ತಕಕ್ಕೆ ಬಂತು. ಮಾನಸಿಕ ಕಾಯಿಲೆ ಇದ್ದವರನ್ನು ಹುಚ್ಚಾಸ್ಪತ್ರೆಗೆ ಸೇರಿಸುವ ಬಗೆಯನ್ನು ಹೇಳುವ ಕಾಯಿದೆ ಆ ವರ್ಷ ಬಂತು. 1912ರಲ್ಲಿ ಅದರ ಜಾಗಕ್ಕೆ ಭಾರತೀಯ ಹುಚ್ಚರ ಕಾಯಿದೆ ಬಂತು. ಮ್ಯಾಜಿಸ್ಟ್ರೇಟ್ ಆದೇಶ ಬರೆದರೆ ರೋಗಿ ಒಳಗೆ, ಕುಟುಂಬ ಹೊರಗೆ.

ಒಂದು ಮಕ್ಕಳಿಗೆ ನೆರಳು ಕೊಡಲು ಬಂದದ್ದು, ಇನ್ನೊಂದು ರೋಗಿಯನ್ನು ಬೇಲಿಯೊಳಗೆ ಇಡಲು ಬಂದದ್ದು. ಎರಡರ ಉದ್ದೇಶ ಒಂದೇ ಎಂದು ಹೇಳುವಂತಿಲ್ಲ. ಆದರೆ ಎರಡರ ಹಿಂದೆಯೂ ಆ ಕಾಲದ ಒಂದೇ ನಂಬಿಕೆ ಇತ್ತು: ಆರೈಕೆ ಬೇಕಾದವರನ್ನು ಮನೆಯಿಂದ ಬಿಡಿಸಿ ಒಂದು ದೊಡ್ಡ ಕಟ್ಟಡಕ್ಕೆ ತರುವುದೇ ಸರ್ಕಾರದ ಕೆಲಸ. ಮನೆಯಲ್ಲೇ ನೋಡಿಕೊಳ್ಳುವವರಿಗೆ ನೆರವಾಗಬಹುದು ಎಂಬ ಮಾತೇ ಅಲ್ಲಿ ಇರಲಿಲ್ಲ. ಕಟ್ಟಡದಲ್ಲಿ ಜಾಗ ಸಿಕ್ಕದ ಲಕ್ಷಾಂತರ ಜನರನ್ನು ಅವರ ಅಮ್ಮ, ಹೆಂಡತಿ, ಅಕ್ಕಂದಿರು ನೋಡಿಕೊಂಡರು. ಅದು ಅವರ ಹಣೆಬರಹ ಎಂದು ಊರು ಅಂದುಕೊಂಡಿತು.

ಅಮೃತಸರದ ಟೆಂಟುಗಳು

ಈ ನಂಬಿಕೆ ಮೊದಲು ಅಲುಗಾಡಿದ್ದು ಒಬ್ಬ ಸರ್ಕಾರಿ ವೈದ್ಯರಿಂದ. ಸ್ವಾತಂತ್ರ್ಯ ಬಂದಾಗ ದೇಶ ಎರಡಾಯಿತು. ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು ಈ ಕಡೆಗೆ, ಅಮೃತಸರಕ್ಕೆ ಕಳುಹಿಸಿದರು. ಅಲ್ಲಿನ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದವರು ಡಾ. ವಿದ್ಯಾಸಾಗರ್. ರೋಗಿಗಳು ಬಹಳ, ಸಿಬ್ಬಂದಿ ಕಡಿಮೆ.

1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲೇ ಟೆಂಟು ಹಾಕಿಸಿ, ರೋಗಿಗಳ ಮನೆಯವರನ್ನು ಕರೆಸಿ, ರೋಗಿಯ ಜೊತೆಯಲ್ಲೇ ಉಳಿಸಿಕೊಂಡರು. ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ, ಈ ಕಾಯಿಲೆ ಎಂದರೇನು, ಔಷಧಿ ಏಕೆ ಬಿಡಬಾರದು, ಮನೆಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ಮಾತಾಡಿದರು. ರೋಗಿ ಬೇಗ ಚೇತರಿಸಿಕೊಂಡು ಮನೆಗೆ ಹೋಗತೊಡಗಿದ. ಮನೆಯವರು ಅವನನ್ನು ಹೆದರದೆ ಕರೆದುಕೊಂಡು ಹೋದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿದು, ‘ನಮ್ಮ ಮನೆಗೆ ಮಾತ್ರ ಬಂದ ಶಾಪ ಇದು’ ಎಂಬ ಭಾವನೆ ಕರಗಿತು.

ಇದೇ ದಾರಿಯಲ್ಲಿ ನಮ್ಮ ತಮಿಳುನಾಡಿನಲ್ಲೂ ಒಂದು ಹೆಜ್ಜೆ ಬಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದೇ ಪದ್ಧತಿಯಾಯಿತು. ಕುಟುಂಬವನ್ನು ಗೇಟಿನಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ, ಅದನ್ನು ಚಿಕಿತ್ಸೆಯ ಒಂದು ಭಾಗ ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಕಾನೂನು ಬೇಗ ಬದಲಾಗಲಿಲ್ಲ. 1912ರ ಕಾಯಿದೆ 1993ರವರೆಗೂ ಜಾರಿಯಲ್ಲಿತ್ತು.

ಬಳ್ಳಾರಿ: ಔಷಧಿ ಊರಿಗೆ ಬಂತು

ಟೆಂಟಿನಲ್ಲಿ ಉಳಿಯಲು ಮನೆಯವರು ಆಸ್ಪತ್ರೆಯವರೆಗೆ ಬರಲೇಬೇಕಿತ್ತು. ಬರಲಾಗದವರ ಗತಿ ಏನು? ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯ ಕುಟುಂಬವನ್ನು ಯೋಚಿಸಿ. ರೋಗಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರಬೇಕು. ಇಬ್ಬರ ಕೂಲಿ ಹೋಯಿತು, ಬಸ್ ಚಾರ್ಜ್ ಸಾಲವಾಯಿತು. ಎರಡು ಸಲ ಬಂದವರು ಮೂರನೆಯ ಸಲಕ್ಕೆ ಔಷಧಿ ನಿಲ್ಲಿಸಿದರೆ ತಪ್ಪು ಯಾರದು?

1985ರಲ್ಲಿ ನಿಮ್ಹಾನ್ಸ್ ವೈದ್ಯರು ಮತ್ತು ಕರ್ನಾಟಕದ ಆರೋಗ್ಯ ಇಲಾಖೆಯವರು ಸೇರಿ ಬಳ್ಳಾರಿ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಹುಡುಕಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಬೇಕಾದ ಕೆಲವೇ ಔಷಧಿಗಳನ್ನು ಆ ಕೇಂದ್ರದಲ್ಲೇ ಇಟ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗಗಳ ವಿಭಾಗ ನಡೆಸಿದರು. ರೋಗಿಗಳ ದಾಖಲೆ ಇಟ್ಟು, ಕೆಲಸ ಹೇಗೆ ನಡೆಯುತ್ತಿದೆ ಎಂದು ಮೇಲಿನವರು ನೋಡುತ್ತಿದ್ದರು. ವಿಶೇಷ ಕಟ್ಟಡ ಕಟ್ಟಲಿಲ್ಲ. ಇದ್ದ ನೌಕರರೇ, ಇದ್ದ ಕೇಂದ್ರಗಳೇ.

‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪ್ರಯೋಗವನ್ನು ನೋಡಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಮುಂದೆ ಅದು ದೇಶದ ಬಹುತೇಕ ಜಿಲ್ಲೆಗಳಿಗೆ ಹಬ್ಬಿತು. ಒಬ್ಬ ತಾಯಿಗೆ ದೂರದ ಪ್ರಯಾಣ ತಪ್ಪಿಸುವುದೂ ಆರೈಕೆ ಮಾಡುವವರಿಗೆ ಕೊಡುವ ನೆರವೇ ಎಂಬುದನ್ನು ಕನ್ನಡ ನಾಡಿನ ಒಂದು ಜಿಲ್ಲೆ ದೇಶಕ್ಕೆ ತೋರಿಸಿತು.

‘ನಮ್ಮ ನಂತರ ಯಾರು?’

ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗುವಿನ ತಂದೆ ತಾಯಿಗೆ ಇರುವ ದೊಡ್ಡ ಭಯ ಬಡತನವಲ್ಲ. ‘ನಾವು ಸತ್ತ ಮೇಲೆ ಇವನನ್ನು ಯಾರು ನೋಡುತ್ತಾರೆ?’ ಎಂಬ ಪ್ರಶ್ನೆ ಅವರನ್ನು ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ. ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲೂ ಯೇಸುಸ್ವಾಮಿ ತಮ್ಮ ತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದರು.

ಈ ಪ್ರಶ್ನೆಗೆ ಉತ್ತರವಾಗಿ 1999ರ ಡಿಸೆಂಬರ್ 30ರಂದು ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಮಾಡಿದ ಕಾನೂನು ಇದು. ತಂದೆ ತಾಯಿ ತೀರಿಕೊಂಡ ಮೇಲೆ ಅವರ ರಕ್ಷಣೆಗೆ ಏರ್ಪಾಡು ಮಾಡುವುದನ್ನು ಅದರ ಉದ್ದೇಶಗಳಲ್ಲೇ ಬರೆದಿದ್ದಾರೆ. ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಒಬ್ಬ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲರೊಬ್ಬರು ಇರುತ್ತಾರೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಿ ಎಂದು ತಂದೆ ತಾಯಿ ಅಥವಾ ಸಂಬಂಧಿಕರು ಈ ಸಮಿತಿಗೆ ಅರ್ಜಿ ಹಾಕಬಹುದು. ಕೋರ್ಟು ಕಚೇರಿ ಅಲೆಯಬೇಕಿಲ್ಲ.

18 ತುಂಬಿದರೆ ಕಾನೂನಿನ ಕಣ್ಣಲ್ಲಿ ಮಗ ದೊಡ್ಡವನು. ಬ್ಯಾಂಕಿನಲ್ಲಿ, ಆಸ್ತಿ ಪತ್ರದಲ್ಲಿ ಅಮ್ಮನ ಸಹಿ ಅವನ ಸಹಿ ಆಗುವುದಿಲ್ಲ. ಅನೇಕ ಮನೆಯವರಿಗೆ ಇದು ತಿಳಿಯುವುದು ತೊಂದರೆ ಬಂದ ಮೇಲೆ. ಆದ್ದರಿಂದ ಈ ಸಮಿತಿಯ ವಿಷಯ ಪ್ರತಿ ಕುಟುಂಬಕ್ಕೂ ಮೊದಲೇ ಗೊತ್ತಿರಬೇಕು.

ಕಾಸರಗೋಡಿನ ತಾಯಂದಿರು

ಹೀಗೆ ಕಾನೂನು ಬಂದರೂ ಕೈಗೆ ಹಣ ಬರುವುದು ಬೇರೆ ಮಾತು. ಅದನ್ನು ತಿಳಿಯಲು ಕೇರಳದ ಗಡಿಯಲ್ಲಿರುವ ಕಾಸರಗೋಡಿಗೆ ಹೋಗೋಣ. ಅಲ್ಲಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಂಥ ಊರುಗಳಲ್ಲಿ ಕನ್ನಡ, ತುಳು ಮಾತಾಡುವ ಕುಟುಂಬಗಳಿವೆ. 1970ರ ದಶಕದಿಂದ 2000ದವರೆಗೆ ಸರ್ಕಾರಿ ಪ್ಲಾಂಟೇಷನ್ ಕಾರ್ಪೊರೇಷನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ತೋಟದ ಸುತ್ತಲಿನ ಮನೆಗಳಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳು ಕಾಣಿಸಿಕೊಂಡರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಇದನ್ನು ಗಮನಿಸಿ ಎಚ್ಚರಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದು ಹೊರಜಗತ್ತಿಗೆ ತಿಳಿಸಿದರು.

ಸಿಂಪಡಣೆಯ ವಿರುದ್ಧ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದವರು ಲೀಲಾಕುಮಾರಿ ಅಮ್ಮ. ಅವರು ಕೃಷಿ ಇಲಾಖೆಯ ನೌಕರರು. ಸರ್ಕಾರದ ಸಂಬಳ ತಿನ್ನುವವರು ಸರ್ಕಾರಿ ಕಾರ್ಪೊರೇಷನ್ನಿನ ವಿರುದ್ಧ ನಿಲ್ಲುವುದೆಂದರೆ ಸುಲಭವಲ್ಲ. ಆದರೂ ಅವರು ಬಿಡಲಿಲ್ಲ. ನ್ಯಾಯಾಲಯ ತಡೆ ಕೊಟ್ಟಿತು. 2000ದ ಕೊನೆಗೆ ಆಕಾಶದಿಂದ ವಿಷ ಸುರಿಯುವುದು ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯಿತು.

ವಿಷ ನಿಂತಿತು, ಆದರೆ ತಾಯಂದಿರ ಕೆಲಸ ನಿಲ್ಲಲಿಲ್ಲ. ಇಪ್ಪತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸಿ, ಊಟ ತಿನ್ನಿಸಿ, ಬಟ್ಟೆ ಬದಲಿಸುವ ಅಮ್ಮ ಕೂಲಿಗೆ ಹೋಗುವುದು ಹೇಗೆ? ರೋಗಿಗೆ ಪಿಂಚಣಿ ಕೊಟ್ಟರೂ ಅವಳ ಕಳೆದುಹೋದ ದುಡಿಮೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಕೇರಳದ ಸಾಮಾಜಿಕ ಭದ್ರತಾ ಮಿಷನ್ 2010ರ ಸುಮಾರಿಗೆ ತಂದ ‘ಆಶ್ವಾಸಕಿರಣಂ’ ಯೋಜನೆ ಇಲ್ಲಿ ಹೊಸ ದಾರಿ ತೆರೆಯಿತು. ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳ ಸಹಾಯಧನ ಇದು. ಮೊತ್ತ ಮುಂದೆ 600 ರೂಪಾಯಿಯಾಯಿತು. ಎಂಡೋಸಲ್ಫಾನ್ ಸಂತ್ರಸ್ತರನ್ನು ನೋಡಿಕೊಳ್ಳುವವರಿಗೆ ಇದೇ ಹೆಸರಿನ ವಿಶೇಷ ಸಹಾಯವೂ ಬಂತು. ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಸಂತ್ರಸ್ತ ಮಕ್ಕಳಿಗೆ ಹಗಲು ಆರೈಕೆ ಕೇಂದ್ರಗಳು ತೆರೆದವು. ಮಗು ಅಲ್ಲಿದ್ದಷ್ಟು ಹೊತ್ತು ಅಮ್ಮನಿಗೆ ಬೇರೆ ಕೆಲಸಕ್ಕೆ ಕೈ ಬಿಡುವು.

600 ರೂಪಾಯಿ ಇಂದು ಯಾವ ಮೂಲೆಗೆ? ಅದೂ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಪರಿಹಾರದ ಕಥೆಯೂ ಹಾಗೆಯೇ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿ ಎಂದಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಪರಿಹಾರ ಪೂರ್ತಿ ಕೊಡಿ ಎಂದು ಆದೇಶಿಸಿತು. ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕವೇನು? ಕಾದಿದ್ದ 3,704 ಮಂದಿಯಲ್ಲಿ ತಲಾ 5 ಲಕ್ಷ ರೂಪಾಯಿ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ 8 ಮಂದಿಗೆ. ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳು ಸಭೆ ನಡೆಸಿ ನೋಡಬೇಕೆಂದು ಕೋರ್ಟು ಹೇಳಿದ ಮೇಲೆ ಕೆಲಸ ಚುರುಕಾಯಿತು.

ಒಂದೇ ಜಿಲ್ಲೆಯ ಈ ಕಥೆಯಲ್ಲಿ ಎರಡು ಬಗೆಯ ಸರ್ಕಾರಿ ಜನ ಕಾಣುತ್ತಾರೆ. ಕೆಲಸವನ್ನೇ ಪಣಕ್ಕಿಟ್ಟು ನಿಂತ ಒಬ್ಬ ಸಣ್ಣ ನೌಕರರು ಒಂದು ಕಡೆ. ಕೋರ್ಟು ಕೇಳುವವರೆಗೆ ಕಡತ ಕದಲಿಸದ ಕಚೇರಿ ಇನ್ನೊಂದು ಕಡೆ.

ಲೆಕ್ಕಕ್ಕೆ ಬಂದ ದುಡಿಮೆ

ಇಷ್ಟೆಲ್ಲ ಆಗುವ ಹೊತ್ತಿಗೆ ಕಾನೂನಿನ ಭಾಷೆಯೂ ಬದಲಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ‘ಆರೈಕೆದಾರರು’ ಎಂಬ ಪದಕ್ಕೇ ಅರ್ಥ ಬರೆದಿದ್ದಾರೆ. ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವವರು, ತಂದೆ ತಾಯಿ, ಮನೆಯವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು ಅದರ 24ನೆಯ ಸೆಕ್ಷನ್ನಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಕುಟುಂಬಕ್ಕೆ ನೆರವಾಗುವ ಸೇವೆಯನ್ನೂ ಸರ್ಕಾರ ಒದಗಿಸಬೇಕು ಎನ್ನುತ್ತದೆ. 1858ರಲ್ಲಿ ಕುಟುಂಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾನೂನು ಇಲ್ಲಿಗೆ ಬರಲು ಸುಮಾರು 160 ವರ್ಷ ಹಿಡಿಯಿತು.

ಇನ್ನೊಂದು ಕೆಲಸವನ್ನು ಸಂಖ್ಯಾಶಾಸ್ತ್ರ ಇಲಾಖೆಯವರು ಮಾಡಿದರು. ಜನರು ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡರು. 2024ರ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಶೇ. 21.4 ಮಂದಿ, ಸುಮಾರು 74 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ಇದನ್ನು ಓದುವ ಅಣ್ಣ ತಮ್ಮಂದಿರು ತಮ್ಮ ತಮ್ಮ ಮನೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.

ನಮ್ಮ ರಾಜ್ಯದಲ್ಲಿ 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ‘ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ’ ಎಂಬ ಯೋಜನೆಗೆ ಚಾಲನೆ ಕೊಟ್ಟರು. ಅದು ಆರಂಭವಾದದ್ದು ಕರ್ನಾಟಕದ ಗಡಿಗೆ ಸೇರಿದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆಗೇ ಬರುತ್ತವೆ. ಹಾಸಿಗೆ ಹಿಡಿದವರಿಗೆ ಉಪಶಾಮಕ ಆರೈಕೆಯೂ ಫಿಸಿಯೋಥೆರಪಿಯೂ ಮನೆಯಲ್ಲೇ ಸಿಗುತ್ತವೆ. ತೀವ್ರ ಅಂಗವೈಕಲ್ಯ ಇರುವವರಿಗೆ ತಮಿಳುನಾಡು ಕೊಡುವ ಮಾಸಿಕ ಸಹಾಯಧನ 1,500ರಿಂದ 2,000 ರೂಪಾಯಿಗೆ ಏರಿತು.

ನಮ್ಮ ಪಾಲಿನ ಕೆಲಸ

ಬೆಟ್ಟದ ಊರುಗಳ ಕಷ್ಟ ನಮಗೆ ಗೊತ್ತೇ ಇದೆ. ಗೂಡಲೂರಿನಿಂದಲೋ ಮಸಿನಗುಡಿಯಿಂದಲೋ ಊಟಿಯ ಜಿಲ್ಲಾಧಿಕಾರಿ ಕಚೇರಿಗೆ ಬಂದು ಹೋಗುವುದೆಂದರೆ ಒಂದು ದಿನ ಕಳೆಯಿತು. ಆ ದಿನ ಮನೆಯಲ್ಲಿರುವ ರೋಗಿಯನ್ನು ಯಾರು ನೋಡಬೇಕು? ಮನೆಯಲ್ಲಿ ಕನ್ನಡವನ್ನೋ ಬಡಗವನ್ನೋ ಮಾತಾಡುವ ಅಜ್ಜಿಗೆ ತಮಿಳಿನ ಅರ್ಜಿ ತುಂಬುವುದು ಹೇಗೆ? ಯೋಜನೆ ಇದ್ದೂ ಸಿಗದೆ ಹೋಗುವುದು ಬಹಳ ಸಲ ಇಂಥ ಕಾರಣಕ್ಕೆ.

ಇಲ್ಲಿ ಯುವಜನರು ಮಾಡಬಹುದಾದ್ದು ಇದೆ. ನಿಮ್ಮ ವಾರ್ಡಿನಲ್ಲಿ ಯಾರ ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಅಂಗವೈಕಲ್ಯದ ಗುರುತಿನ ಚೀಟಿ ಇದೆಯೇ, ಸಹಾಯಧನ ಬರುತ್ತಿದೆಯೇ, 18 ದಾಟಿದ ಮಗುವಿಗೆ ಪೋಷಕರ ನೇಮಕವಾಗಿದೆಯೇ ಎಂದು ವಿಚಾರಿಸಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೋಮವಾರ ಜನರ ಅಹವಾಲು ಕೇಳುತ್ತಾರೆ. ತಮಿಳು ಓದಲು ಬರೆಯಲು ಬರುವ ಒಬ್ಬರು ಅರ್ಜಿ ಬರೆದುಕೊಟ್ಟು ಜೊತೆಗೆ ಹೋಗಿ. ಅವರು ಬರುವವರೆಗೆ ಇನ್ನಿಬ್ಬರು ಮನೆಯಲ್ಲಿ ರೋಗಿಯ ಹತ್ತಿರ ಕುಳಿತಿರಿ. ಅರ್ಜಿ ಕೊಟ್ಟ ಮೇಲೆ ರಸೀದಿ ಇಟ್ಟುಕೊಂಡು, ಮುಂದಿನ ತಿಂಗಳು ಹೋಗಿ ಮತ್ತೆ ಕೇಳಿ. ಕಾಸರಗೋಡು ಕಲಿಸಿದ ಪಾಠ ಅದೇ: ಕೇಳುವವರಿದ್ದರೆ ಕಡತ ಕದಲುತ್ತದೆ.

ನಿಮ್ಮಲ್ಲಿ ಕೆಲವರು ನಾಳೆ ಸರ್ಕಾರಿ ಪರೀಕ್ಷೆ ಬರೆದು ವಿಲೇಜ್ ಆಫೀಸರ್, ನರ್ಸ್, ಡಾಕ್ಟರ್ ಆಗುತ್ತೀರಿ. ಆಗ ಈ ಚರಿತ್ರೆಯ ಜನರನ್ನು ನೆನಪಿಟ್ಟುಕೊಳ್ಳಿ. ಟೆಂಟು ಹಾಕಿಸಿದ ವೈದ್ಯರು ಹೊಸ ಕಾನೂನಿಗಾಗಿ ಕಾಯಲಿಲ್ಲ. ಬಳ್ಳಾರಿಯವರು ಹೊಸ ಕಟ್ಟಡಕ್ಕಾಗಿ ಕಾಯಲಿಲ್ಲ. ತಮ್ಮ ಕೈಯಲ್ಲಿದ್ದ ಅಧಿಕಾರದಿಂದಲೇ ಅವರು ಒಂದು ಕುಟುಂಬದ ಹೊರೆಯನ್ನು ಇಳಿಸಿದರು.

ಅಲ್ಲಿಯವರೆಗೆ, ಮುಂದಿನ ಭಾನುವಾರ ಪ್ರಾರ್ಥನೆಯಲ್ಲಿ ರೋಗಿಗಳ ಹೆಸರು ಓದುವಾಗ, ಅವರನ್ನು ನೋಡಿಕೊಳ್ಳುವವರ ಹೆಸರನ್ನೂ ಸೇರಿಸೋಣ. ಪೂಜೆ ಮುಗಿದ ಮೇಲೆ ಅವರಲ್ಲಿ ಒಬ್ಬರ ಮನೆಗೆ ಹೋಗಿ, ‘ಅಕ್ಕಾ, ಎರಡು ಗಂಟೆ ನಾವಿಲ್ಲಿ ಇರುತ್ತೇವೆ, ನೀವು ಹೊರಗೆ ಹೋಗಿ ಬನ್ನಿ’ ಎಂದು ಹೇಳೋಣ.